ಹೊತ್ತು, ಗಳಿಗೆ, ಗಂಟೆ

ಕನ್ನಡದಲ್ಲಿ ಸೂರ್ಯನಿಗೂ ಕಾಲಕ್ಕೂ ಒಂದೇ ಹೆಸರು: ಹೊತ್ತು. ಹೊತ್ತು ಹುಟ್ಟಿತು, ಹೊತ್ತು ಮಾರುದ್ದ ಏರಿತು, ಹೊತ್ತು ಮುಳುಗಿತು ಎನ್ನುವಾಗ ನಮ್ಮ ಹಿರಿಯರು ಆಕಾಶವನ್ನು ಓದಿ ವೇಳೆ ಹೇಳುತ್ತಿದ್ದರು. ಅದನ್ನು ಮಕ್ಕಳಿಗೆ ಯಾರೂ ಕೂರಿಸಿಕೊಂಡು ಕಲಿಸಬೇಕಾಗಿರಲಿಲ್ಲ. ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ಮನೆಗೆಲಸದ ಜೊತೆಯಲ್ಲೇ ಅದು ತಲೆಗೆ ಹತ್ತುತ್ತಿತ್ತು.

ಕರಾರುವಾಕ್ಕಾದ ಲೆಕ್ಕ ಬೇಕಾದಾಗ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವಷ್ಟು ಕಾಲ ಒಂದು ಗಳಿಗೆ. ಈಗಿನ ಲೆಕ್ಕದಲ್ಲಿ 24 ನಿಮಿಷ. ದಿನಕ್ಕೆ 60 ಗಳಿಗೆ, ಗಂಟೆಗೆ ಎರಡೂವರೆ. ‘ಗಂಟೆ’ಯಾದರೂ ಬಾರಿಸುವ ಗಂಟೆಯೇ; ಕಿವಿಗೆ ಬಿದ್ದದ್ದು ಕಾಲದ ಅಳತೆಯಾಯಿತು.

ಬ್ರಿಟಿಷ್ ಭಾರತದಲ್ಲಿ 1906ರ ಜನವರಿ 1ರಿಂದ ಒಂದೇ ವೇಳೆ ಜಾರಿಗೆ ಬಂತು. ಕಲ್ಕತ್ತೆ, ಮುಂಬಯಿಗಳು ಮಾತ್ರ ತಮ್ಮ ಹಳೆಯ ವೇಳೆಯನ್ನು ದಶಕಗಳ ಕಾಲ ಬಿಡಲಿಲ್ಲ. ಈ ವೇಳೆಗೆ ಆಧಾರ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶ. ಹಾಗಾಗಿ ಮೈಸೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ 23 ನಿಮಿಷ ತಡವಾಗಿ. ಹೆಚ್ಚುಕಡಿಮೆ ಒಂದು ಗಳಿಗೆ! ಅಂಗಳದ ನೆರಳು ನೋಡಿ, “ನಿಮ್ಮ ಗಡಿಯಾರ ಮುಂದೆ ಓಡ್ತದೆ ಕಣೋ” ಎನ್ನುತ್ತಿದ್ದ ನಮ್ಮಜ್ಜಿಯ ಮಾತಿಗೆ ಭೂಗೋಳದ ಬೆಂಬಲವಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮೈಸೂರಿನ ದೊಡ್ಡ ಗಡಿಯಾರ ನಿಂತದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಆದರೆ ಊರ ಗಡಿಯಾರ ಮನೆಯ ಮಕ್ಕಳ ಕೈಗೆ ಎಟುಕುವಂಥದ್ದಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಆರಂಭವಾದ ಮೇಲೆ ನಮ್ಮಂಥ ಮನೆಗಳಿಗೂ ವೇಳೆ ಬಂತು.

ನಮ್ಮ ಮನೆಗೆ ಅದು ಬಂದ ವರ್ಷವೇ ಅಮ್ಮ ಹಾಸಿಗೆ ಹಿಡಿದಳು. ಆರು ಗಂಟೆಗೊಮ್ಮೆ ಔಷಧಿ ತಪ್ಪಕೂಡದು ಎಂದು ಡಾಕ್ಟರು ಹೇಳಿ ಹೋದರು. ಅಪ್ಪ ಹಗಲೆಲ್ಲ ಹೊಲದಲ್ಲಿ. ಅಜ್ಜಿಗೆ ಅಂಕಿ ಬಾರದು. ಉಳಿದವನು ಆರು ವರ್ಷದ ನಾನು. ಅಪ್ಪ ವಾಚಿಗೆ ಕೀಲಿ ಕೊಟ್ಟು ದಿಂಬಿನ ಪಕ್ಕ ಇಟ್ಟು, ಚಿಕ್ಕ ಮುಳ್ಳೊಂದನ್ನೇ ನೋಡಲು ಹೇಳಿದ. ದೊಡ್ಡ ಮುಳ್ಳಿನ ಗೊಡವೆಯೇ ಬೇಡ ಎಂದ. ಚಿಕ್ಕ ಮುಳ್ಳು ಬಂದು ನಿಲ್ಲಬೇಕಾದ ಕಡೆ ಅಜ್ಜಿ ಗಾಜಿನ ಮೇಲೆ ಸುಣ್ಣದ ಚುಕ್ಕೆ ಇಟ್ಟಳು. ದಿನಕ್ಕೆ ಹತ್ತು ಸಲ ಇಬ್ಬರೂ ಬಗ್ಗಿ ನೋಡುವುದು. ಮಗುವಿಗೆ ಎರಡು ಮುಳ್ಳನ್ನೂ ಒಟ್ಟಿಗೆ ಕಲಿಸಲು ಹೊರಡುವವರನ್ನು ಕಂಡಾಗ ನನಗೆ ಈಗಲೂ ಅಪ್ಪನ ಜಾಣತನ ನೆನಪಾಗುತ್ತದೆ.

ದೊಡ್ಡ ಮುಳ್ಳು ಆಮೇಲೆ ಐದರ ಮಗ್ಗಿಯೊಂದಿಗೆ ಬಂತು. ತೊಡಕಾದದ್ದು ಮುಕ್ಕಾಲಿನಲ್ಲಿ. ಎಂಟೂಮುಕ್ಕಾಲಿಗೆ ಚಿಕ್ಕ ಮುಳ್ಳು ಒಂಬತ್ತರ ಮಗ್ಗುಲಲ್ಲೇ ಕೂತಿರುತ್ತದೆ. ಮಕ್ಕಳು ಒಂಬತ್ತೂಮುಕ್ಕಾಲು ಎಂದೇ ಹೇಳುವುದು. ಇಂಗ್ಲಿಷಿನವರು ಒಂಬತ್ತಕ್ಕೆ ಕಾಲು ಕಡಿಮೆ ಎಂದು ಮುಂದಿನ ಗಂಟೆಯಿಂದ ಕಳೆಯುತ್ತಾರೆ, ನಾವು ಕಳೆದ ಗಂಟೆಗೆ ಕೂಡುತ್ತೇವೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಕೇಳುವ ಮಗು ತಬ್ಬಿಬ್ಬಾದರೆ ಆಶ್ಚರ್ಯವೇನು? “ಒಂಬತ್ತಾಯ್ತಾ? ಇನ್ನೂ ಇಲ್ಲ ತಾನೇ? ಹಾಗಾದ್ರೆ ಎಂಟೇ” ಎಂಬುದು ಅಜ್ಜಿಯ ಪಾಠ. ಅಂಕಿ ಬಾರದವಳಿಗೆ ಅಷ್ಟರಲ್ಲಿ ಮುಳ್ಳಿನ ಮರ್ಮ ತಿಳಿದಿತ್ತು.

ಅಮ್ಮ ಎದ್ದು ಓಡಾಡಿದಳು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ನಮ್ಮ ವಾಚು ಕೀಲಿ ಕೊಟ್ಟರೆ ಇಂದಿಗೂ ನಡೆಯುತ್ತದೆ. ಮೊಮ್ಮಗಳಿಗೆ ಕಲಿಸಲು ಅದನ್ನೇ ತೆಗೆದಿದ್ದೇನೆ. ಸದ್ಯಕ್ಕೆ ಚಿಕ್ಕ ಮುಳ್ಳು ಮಾತ್ರ.