ರಜಾಕಾರನ ಪಾತ್ರ ಯಾರಿಗೆ?

ಮಕ್ಕಳ ಚಿತ್ರಕಥೆಗಳಲ್ಲಿ ಕೊನೆಯ ಯುದ್ಧಕ್ಕೆ ಎಷ್ಟು ಪುಟ ಹಿಡಿಯುತ್ತದೆ ಎಂದು ನೀವು ಎಂದಾದರೂ ಎಣಿಸಿದ್ದೀರಾ? ನಾನು ಎಣಿಸಿದ್ದೇನೆ. ಪಾಠ ನಡೆಯುವಾಗ ಸಮಾಜಶಾಸ್ತ್ರದ ಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವ ಹುಡುಗರಿಂದ ಕಿತ್ತುಕೊಂಡವು ನನ್ನ ಮೇಜಿನ ಖಾನೆಯಲ್ಲಿ ಯಾವಾಗಲೂ ಎರಡು ಮೂರು ಇರುತ್ತವೆ. ಸಂಜೆ ಹಿಂದಿರುಗಿಸುವ ಮುಂಚೆ ನಾನೂ ಓದುತ್ತೇನೆನ್ನುವುದು ಹುಡುಗರಿಗೆ ಗೊತ್ತಿಲ್ಲ. ಹೆಚ್ಚೆಂದರೆ ಐದಾರು ಪುಟ. ಊರು ಹೊತ್ತಿ ಉರಿಯುತ್ತಿರುತ್ತದೆ, ಜನ ತಲೆಯ ಮೇಲೆ ಕೈಹೊತ್ತು ಕೂತಿರುತ್ತಾರೆ, ದುಷ್ಟ ಗಹಗಹಿಸಿ ನಗುತ್ತಾನೆ. ಇನ್ನು ಭರವಸೆಯೇ ಇಲ್ಲ ಅನ್ನುವಾಗ ಆಕಾಶದಿಂದ ಒಬ್ಬ ಇಳಿಯುತ್ತಾನೆ. ಒಂದು ಗುದ್ದು, ದುಷ್ಟ ನೆಲಕ್ಕೆ. ಕೊನೆಯ ಚೌಕದಲ್ಲಿ ಸೂರ್ಯ ಹುಟ್ಟುತ್ತಾನೆ.

ನಮ್ಮ ವಯಸ್ಸಿನವರೂ ಇದನ್ನು ಓದಿಯೇ ಬೆಳೆದವರು. ಅಮರ ಚಿತ್ರಕಥೆಯ ಕಂಸವಧೆ, ಬಾಲಮಂಗಳದ ಡಿಂಗ ಯಾರಿಗೆ ನೆನಪಿಲ್ಲ? ಕಿನ್ನಾಳದ ಮಕ್ಕಳಿಗಂತೂ ವೀರ ಹೇಗಿರಬೇಕೆಂಬುದು ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬಿದ್ದಿರುತ್ತದೆ. ಇದು ಚಿತ್ರಗಾರರ ಊರು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಹಿಟ್ಟು ಮೆತ್ತಿ, ಅದರ ಮೇಲೆ ಬಣ್ಣ ಬಳಿದು ಅವರು ಮಾಡುವ ಗರುಡನ ಎದೆ ನೋಡಿ, ಚಾಚಿದ ರೆಕ್ಕೆ ನೋಡಿ. ಹಾರುವ ವೀರನನ್ನು ಅಮೆರಿಕದಿಂದ ತರಿಸಿಕೊಳ್ಳುವ ಗರಜು ನಮಗೇನೂ ಇರಲಿಲ್ಲ.

ಆದರೂ ಆ ಅಮೆರಿಕದ ವೀರರ ಹುಟ್ಟನ್ನು ತಿಳಿದುಕೊಂಡರೆ ಗೌರವ ಬರುತ್ತದೆ. ಸೂಪರ್‌ಮ್ಯಾನ್ ಅಚ್ಚಾದದ್ದು 1938ರಲ್ಲಿ. ಬರೆದವರು ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯಹೂದಿ ತರುಣರು. 1941ರ ಮಾರ್ಚ್ ಸಂಚಿಕೆಯಾಗಿ ಬಂದ ಕ್ಯಾಪ್ಟನ್ ಅಮೆರಿಕದ ಮೊದಲ ಮುಖಪುಟದಲ್ಲಿ ವೀರ ಹಿಟ್ಲರನ ದವಡೆಗೇ ಗುದ್ದುತ್ತಾನೆ. ಅದನ್ನು ರಚಿಸಿದ ಜೋ ಸೈಮನ್, ಜಾಕ್ ಕರ್ಬಿ ಕೂಡ ಯಹೂದಿಗಳೇ. ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಸರ್ಕಾರ ಇನ್ನೂ ಯೋಚಿಸುತ್ತ ಕೂತಿದ್ದಾಗ ಇಬ್ಬರು ಹುಡುಗರು ಪೆನ್ಸಿಲ್ ಹಿಡಿದು ಹೊಡೆದೇ ಬಿಟ್ಟಿದ್ದರು! ಬಡವನ ಸಿಟ್ಟು ಅಂದರೆ ಹಾಗೆ, ಮೊದಲು ಚಿತ್ರವಾಗುತ್ತದೆ.

ಸೂಪರ್‌ಮ್ಯಾನ್ ಹುಟ್ಟಿದ ಅದೇ 1938ರಲ್ಲಿ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಏನು ನಡೆದಿತ್ತು? ಸ್ಟೇಟ್ ಕಾಂಗ್ರೆಸ್ ಎಂಬ ಸಂಸ್ಥೆ ಸರಿಯಾಗಿ ಕಣ್ಣುಬಿಡುವ ಮುಂಚೆಯೇ ಅದಕ್ಕೆ ನಿಷೇಧ. ವಂದೇ ಮಾತರಂ ಹಾಡಿದ್ದಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ನೂರಾರು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಗಿಸಬೇಕಾಯಿತು. ಮೈಸೂರು ಕಡೆಯ ಸೋದರಿಯರಿಗೆ ಈ ಕಥೆ ಹೆಚ್ಚು ಗೊತ್ತಿರುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಒಂದೂವರೆ ಕೋಟಿಗೂ ಮೀರಿದ ಪ್ರಜೆಗಳು ಕನ್ನಡ, ತೆಲುಗು, ಮರಾಠಿ ಆಡುತ್ತಿದ್ದರೆ ಕಚೇರಿ, ಕೋರ್ಟು, ದಫ್ತರವೆಲ್ಲ ಉರ್ದುವಿನಲ್ಲಿ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ತನ್ನ ಹೊಲದ ಕಾಗದದಲ್ಲಿ ಏನು ಬರೆದಿದೆ ಎಂದು ರೈತನಿಗೆ ಬೇರೆಯವರು ಓದಿ ಹೇಳಬೇಕು. ಗಂಡಸರ ಪಾಡೇ ಹೀಗಿದ್ದಾಗ ಹೆಣ್ಣುಮಕ್ಕಳ ಓದಿನ ಮಾತೇಕೆ!

ಭರವಸೆ ಮತ್ತು ದಬ್ಬಾಳಿಕೆಯ ಕೊನೆಯ ಯುದ್ಧವನ್ನು ನಮ್ಮ ತಾಲೂಕಿನಲ್ಲಿ ಹುಡುಕಿದರೆ ಎರಡು ಸಿಗುತ್ತವೆ. ವಿಚಿತ್ರವೆಂದರೆ ಎರಡೂ ಹೊರಟದ್ದು ಪಶ್ಚಿಮದ ಗಡಿಯಾಚೆಯ ಒಂದೇ ಊರಿನಿಂದ, ಮುಂಡರಗಿಯಿಂದ. ನಡುವೆ ತೊಂಬತ್ತು ವರ್ಷದ ಅಂತರ.

ಮೊದಲನೆಯದು 1858. ಜನರ ಕೈಯಲ್ಲಿ ಆಯುಧ ಇರಕೂಡದೆಂದು ಕಂಪನಿ ಸರ್ಕಾರ ಕಾಯಿದೆ ಮಾಡಿತ್ತು. ಮುಂಡರಗಿಯ ಭೀಮರಾಯ ಒಳಗೊಳಗೇ ಆಯುಧ ಕೂಡಿಸಿದ್ದು ಬಯಲಾಯಿತು. ಆತ ಡಂಬಳದ ಖಜಾನೆ ಒಡೆದು, ಹಮ್ಮಿಗಿಯ ಕೆಂಚನಗೌಡನೊಂದಿಗೆ ಬಂದು ಕೊಪ್ಪಳದ ಕೋಟೆ ಹಿಡಿದ. ಸಾಮಾನ್ಯ ಕೋಟೆಯಲ್ಲ ಅದು. 1786ರಲ್ಲಿ ಟಿಪ್ಪು ಸುಲ್ತಾನ ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಭದ್ರಪಡಿಸಿದ್ದು. ಭಾರತದಲ್ಲಿ ತಾನು ಕಂಡದ್ದರಲ್ಲೆಲ್ಲ ಗಟ್ಟಿಯಾದದ್ದು ಇದೇ ಎಂದು ಜಾನ್ ಮಾಲ್ಕಮ್ ಸಾಹೇಬ ಮೆಚ್ಚಿಕೊಂಡಿದ್ದ. ಚಿತ್ರಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಆದರೆ ಆಕಾಶದಿಂದ ಯಾರೂ ಇಳಿಯಲಿಲ್ಲ. ಜೂನ್ ತಿಂಗಳ ಆರಂಭದಲ್ಲಿ ಇಂಗ್ಲಿಷರ ಫೌಜು ಬಂತು. ಭೀಮರಾಯನೂ ಕೆಂಚನಗೌಡನೂ ಕೋಟೆಯಲ್ಲಿಯೇ ಹೋರಾಡಿ ಸತ್ತರು. ಅದೇ ಹೊತ್ತಿಗೆ ನರಗುಂದವೂ ಬಿತ್ತು, ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ದಬ್ಬಾಳಿಕೆಯೇ ಗೆದ್ದ ಕೊನೆಯ ಪುಟ ಅದು.

ಎರಡನೆಯದು ಕೋಟೆಯ ಯುದ್ಧವಲ್ಲ. 1947ರ ಆಗಸ್ಟ್ 15ಕ್ಕೆ ಹೊಸಪೇಟೆಯಲ್ಲಿ, ಗದಗಿನಲ್ಲಿ ಸ್ವಾತಂತ್ರ್ಯ ಬಂದರೆ ನದಿಯ ಈಚೆ, ಗಡಿಯ ಈಚೆ ಬರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತಾನು ಸ್ವತಂತ್ರ ಎಂದ. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗತೊಡಗಿದರು. ಜನ ಗಡಿ ದಾಟಿದರು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಈ ಸಲ ಯಾರೂ ಕೋಟೆ ಹಿಡಿಯಲು ಹೋಗಲಿಲ್ಲ. ಗಡಿಯ ಕರೋಡಗಿರಿ ನಾಕಾಗಳು, ಪೊಲೀಸ್ ಠಾಣೆಗಳು, ರೈತನಿಂದ ಕಿತ್ತು ಕೂಡಿಟ್ಟ ಲೇವಿ ಧಾನ್ಯ, ಇಂಥವುಗಳ ಮೇಲೆ ರಾತ್ರೋರಾತ್ರಿ ದಾಳಿ. ಬೆಳಗಾಗುವುದರೊಳಗೆ ಮತ್ತೆ ಗಡಿಯಾಚೆ. ಇದನ್ನು ಚಿತ್ರ ಬರೆದರೆ ಏನು ಬರುತ್ತದೆ? ಕತ್ತಲು, ಒಂದು ಲಾಟೀನು, ಒಂದಿಷ್ಟು ಜೋಳದ ಚೀಲ. ನೋಡಲು ಏನೂ ಚೆಂದವಿಲ್ಲ. ಆದರೆ ಭೀಮರಾಯನಿಗೆ ಸಿಗದಿದ್ದದ್ದು ಇವರಿಗೆ ಸಿಕ್ಕಿತ್ತು. ಬೆನ್ನ ಹಿಂದೆ ಗಡಿಯಿತ್ತು, ಗಡಿಯಾಚೆ ಉಣ್ಣಲು ಹಾಕುವ ಮನೆಗಳಿದ್ದವು.

ಆ ರೊಟ್ಟಿ ಬಡಿದವರ ಹೆಸರು ಯಾವ ಇತಿಹಾಸದಲ್ಲೂ ಇಲ್ಲ ಎಂದು ಬೇರೆ ಹೇಳಬೇಕೇ? ನಮ್ಮಜ್ಜಿಯ ನೆನಪಿನಲ್ಲಿ ರಜಾಕಾರರ ಕಾಲ ಎಂದರೆ ಗುಂಡಿನ ಸದ್ದಲ್ಲ, ಹಗೇವು. ಧಾನ್ಯ ತುಂಬುವ ನೆಲದಡಿಯ ಹಗೇವಿನಲ್ಲಿ ಜೋಳದ ನಡುವೆ ಗಂಟು ಕಟ್ಟಿದ ಬೋರಮಾಳ, ಬೆಂಡೋಲೆ ಹುಗಿದು ಬಾಯಿ ಮುಚ್ಚಿ ಮೇಲೆ ಸಗಣಿ ಸಾರಿಸಿದ್ದರಂತೆ. ಆ ರಾತ್ರಿ ಬಾಯಿಕಲ್ಲು ಎತ್ತಿ ಮುಚ್ಚಲು ಕೈಗೂಡಿಸಿದವಳು ಪಕ್ಕದ ಮನೆಯ ಪಿಂಜಾರರ ಹೆಂಗಸು. ಮೊಹರಮಿನಲ್ಲಿ ಅಜ್ಜಿ ಅಲಾಯಿ ದೇವರಿಗೆ ಸಕ್ಕರೆ ಓದಿಸುವುದು, ಯುಗಾದಿಗೆ ಆ ಮನೆಗೆ ಬೇವುಬೆಲ್ಲ ಹೋಗುವುದು ಅದಕ್ಕೂ ಹಿಂದಿನ ರೂಢಿ.

ಈ ಮಾತು ಇಲ್ಲಿ ಏಕೆ ಬಂತೆಂದರೆ, ನಮ್ಮ ಶಾಲೆಯಲ್ಲಿ ಸೆಪ್ಟೆಂಬರ್ 17ರ ವಿಮೋಚನಾ ದಿನಕ್ಕೆ ಒಂದು ಸಣ್ಣ ನಾಟಕ ಆಡಿಸುವುದೆಂದಾಯಿತು. (2019ರಿಂದ ಅದು ಕಲ್ಯಾಣ ಕರ್ನಾಟಕ ಉತ್ಸವ. ನಮ್ಮ ಬಾಯಿಗೆ ಇನ್ನೂ ಹಳೆಯ ಹೆಸರೇ ಬರುತ್ತದೆ.) ಶಿವಮೂರ್ತಿಸ್ವಾಮಿ ಆಗಲು ಏಳು ಹುಡುಗರು ಕೈ ಎತ್ತಿದರು. ಸರ್ದಾರ್ ಪಟೇಲ್ ಆಗಲು ಹುಡುಗಿಯರೂ ತಯಾರು. ರಜಾಕಾರ ಆಗಲು ಮಾತ್ರ ಯಾರೂ ಇಲ್ಲ. ಆಗ ಹಿಂದಿನ ಬೆಂಚಿನಿಂದ ಒಂದು ದನಿ, "ಅವನಿಗೇ ಮಾಡ್ರಿ ಟೀಚರ್, ಅವಗ ಛಲೋ ಒಪ್ಪತೈತಿ." ಬೆರಳು ಯಾವ ಹುಡುಗನ ಕಡೆ ತೋರಿತೆಂದು ನಾನು ಹೇಳಬೇಕಾಗಿಲ್ಲ. ಹೇಳಿದವನು ಕೆಟ್ಟ ಹುಡುಗನಲ್ಲ. ಆ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಬರುವವರು. ಆದರೆ ಚಿತ್ರಕಥೆಯಲ್ಲಿ ದುಷ್ಟನಿಗೊಂದು ಗುರುತು ಇರುತ್ತದಲ್ಲ, ಕೊಂಬೋ ಕಪ್ಪು ನಿಲುವಂಗಿಯೋ, ಆ ಗುರುತನ್ನು ಅವನು ಹುಡುಕುತ್ತಿದ್ದ. ಬೆರಳಿನ ತುದಿಯಲ್ಲಿದ್ದ ಹುಡುಗ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಅತ್ತಿದ್ದರೂ ಎಷ್ಟೋ ವಾಸಿ ಇತ್ತು.

ನಾಟಕಕ್ಕೆ ಒಂದು ಪಾತ್ರ ಹೆಚ್ಚಿಸಿದೆ. ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ, ತರುಣ. ಸಂಸ್ಥಾನ ಭಾರತವನ್ನು ಸೇರಬೇಕು, ರಜಾಕಾರರ ಹಾವಳಿ ನಿಲ್ಲಬೇಕು ಎಂದು ರಜಾಕಾರರ ಮೂಗಿನ ಕೆಳಗೇ ಕೂತು ಬರೆದವನು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಪತ್ರಿಕೆಯ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವನನ್ನು ಕೊಂದರು. ಬರೆಯುವ ಕೈಯನ್ನೂ ಕಡಿದರು. ಸೈನ್ಯ ಬಂದದ್ದು ಮುಂದಿನ ತಿಂಗಳು. ಇನ್ನು ಮೂರು ವಾರ ಸುಮ್ಮನಿದ್ದಿದ್ದರೆ ಬದುಕುತ್ತಿದ್ದ ಎಂದು ನಾವು ಈಗ ಲೆಕ್ಕ ಹಾಕಬಹುದು. ಅವನಿಗೆ ಆ ಲೆಕ್ಕ ಗೊತ್ತಿರಲಿಲ್ಲ.

ಅವನ ಕಥೆ ಹೇಳಿದಾಗ ತರಗತಿ ಸ್ತಬ್ಧವಾಯಿತು. ಶೋಯೆಬುಲ್ಲಾ ಆಗಲು ಕೈ ಎತ್ತಿದವರು ಒಂಬತ್ತು ಜನ! ಪಾತ್ರ ಸಿಕ್ಕಿದ್ದು ಒಬ್ಬ ಹುಡುಗಿಗೆ, ಅವಳ ಮಾತು ಎಲ್ಲರಿಗಿಂತ ಸ್ಪಷ್ಟ ಎಂದು. ರಜಾಕಾರರನ್ನು ಚೀಟಿ ಎತ್ತಿ ಆರಿಸಿದೆ. ಶಿವಮೂರ್ತಿಸ್ವಾಮಿ ಆಗಬೇಕೆಂದವನಿಗೇ ಒಂದು ಚೀಟಿ ಬಂದು ಎರಡು ದಿನ ಮುಖ ಊದಿಸಿಕೊಂಡಿದ್ದ.

ಯುದ್ಧದ ಭಾಗ ಬೇಗ ಮುಗಿಯುತ್ತದೆ, ನಾಟಕದಲ್ಲೂ ಇತಿಹಾಸದಲ್ಲೂ. ಸೆಪ್ಟೆಂಬರ್ 13ರ ಬೆಳಿಗ್ಗೆ ಭಾರತದ ಸೈನ್ಯ ಮೇಜರ್ ಜನರಲ್ ಚೌಧರಿಯವರ ಮುಂದಾಳ್ತನದಲ್ಲಿ ಸೊಲ್ಲಾಪುರದ ಕಡೆಯಿಂದ ಮುಖ್ಯವಾಗಿ ನುಗ್ಗಿತು. ನಮ್ಮ ಕಡೆಯದು ತುಂಗಭದ್ರೆಯ ಸೇತುವೆ. ಗೂರ್ಖಾ ಪಡೆ ಅದನ್ನು ನಿಜಾಮನ ಸೈನ್ಯದಿಂದ ಬಿಡಿಸಿಕೊಂಡಿತು. ಅದೇ ಹೊಳೆಗೆ ಅಣೆಕಟ್ಟಿನ ಅಡಿಗಲ್ಲು ಹಾಕಿ ಆಗ ಮೂರು ವರ್ಷವಾಗಿತ್ತಷ್ಟೆ. 1945ರಲ್ಲಿ ನಿಜಾಮನ ಮಗ ಈ ದಡದಲ್ಲಿ, ಮದ್ರಾಸ್ ಗವರ್ನರ್ ಆ ದಡದಲ್ಲಿ ಕಲ್ಲಿಟ್ಟಿದ್ದರು. ಆ ಗವರ್ನರನ ಹೆಸರು ಸರ್ ಆರ್ಥರ್ ಹೋಪ್. ಇಂಗ್ಲಿಷಿನಲ್ಲಿ ಹೋಪ್ ಎಂದರೆ ಭರವಸೆ! ಕಥೆಗಾರರು ಇಂಥ ಹೆಸರಿಟ್ಟರೆ ನಾವು ನಂಬುವುದಿಲ್ಲ. 17ರ ಸಂಜೆ ನಿಜಾಮ ರೇಡಿಯೋದಲ್ಲಿ ಸೋಲೊಪ್ಪಿಕೊಂಡ. ಐದು ದಿನ. ಚಿತ್ರಕಥೆಗೆ ಸರಿಯಾದ ಅಳತೆ.

ನಾಟಕ ಮುಗಿದ ಮಾರನೆಯ ದಿನ ಒಬ್ಬ ಕೇಳಿದ, "ನಿಜಾಮನ್ನ ಏನ್ ಮಾಡಿದ್ರು ಟೀಚರ್?" ಇದ್ದದ್ದನ್ನೇ ಹೇಳಿದೆ. 1950ರಲ್ಲಿ ಅವನೇ ಹೈದರಾಬಾದ್ ರಾಜ್ಯದ ರಾಜಪ್ರಮುಖನಾದ, 1956ರಲ್ಲಿ ರಾಜ್ಯ ಒಡೆದು ನಾವು ಕರ್ನಾಟಕ ಸೇರುವವರೆಗೂ ಇದ್ದ. ಖಾಸಿಂ ರಜ್ವಿ ಜೈಲಿಗೆ ಹೋದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೊರಟುಹೋದ. ಹುಡುಗನಿಗೆ ಮೋಸವಾದಂತೆ ಅನ್ನಿಸಿರಬೇಕು. "ಹಂಗಾರ ಗೆದ್ದಾವರು ಯಾರ್ರೀ?" ಎಂದ.

ಆ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಬೇಕೆಂದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸೆಪ್ಟೆಂಬರ್ 17ರ ನಂತರ ಸೇಡು ತೀರಿಸಿಕೊಂಡವರೂ ಇದ್ದರು. ರಜಾಕಾರರು ಓಡಿಹೋದರು, ಕೈಗೆ ಸಿಕ್ಕವರು ಬಡ ಮುಸಲ್ಮಾನರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ತಂಡ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ತಿರುಗಾಡಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಹೆಚ್ಚಿನ ಹಾನಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಎಂದಿತು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ರಜಾಕಾರರ ಕ್ರೌರ್ಯ ಇದರಿಂದ ಸಣ್ಣದಾಗುವುದಿಲ್ಲ. ಬೀದರಿನ ಗೋರ್ಟಾದಲ್ಲಿ ಅವರು ಮಾಡಿದ್ದನ್ನು ಯಾರೂ ಮರೆಯಬೇಕಾಗಿಲ್ಲ. ಆದರೆ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ, ಹಿಂದಿನ ಬೆಂಚಿನ ಬೆರಳು ಹಾಗೇ ಚಾಚಿಕೊಂಡಿರುತ್ತದೆ. ಎಂಟನೆಯ ತರಗತಿಗೆ ಇಷ್ಟು ಹೇಳಬಹುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಪುಟಪುಟಕ್ಕೂ ಊರು ಸುಡುವ ಪುಸ್ತಕ ಓದುವ ಮಕ್ಕಳು ಇದನ್ನು ತಾಳಿಕೊಳ್ಳುತ್ತಾರೆಂದು ನನ್ನ ನಂಬಿಕೆ. ಅಂಕಿ ಹೇಳಲಿಲ್ಲ. ಪಿಂಜಾರರ ಮನೆಯವರು ಆ ತಿಂಗಳು ಎಂಟು ದಿನ ನಮ್ಮಜ್ಜಿಯ ಅಡುಗೆಮನೆಯಲ್ಲೇ ಮಲಗಿದ್ದನ್ನು ಹೇಳಿದೆ. ಹಗೇವಿನ ಬಾಯಿಕಲ್ಲು ಎತ್ತಿದ್ದ ಅದೇ ಹೆಂಗಸು, ಅವಳ ಗಂಡ, ಮೂರು ಮಕ್ಕಳು.

ಗೆದ್ದವರು ಯಾರು ಎಂದವನಿಗೆ 1952ರ ಚುನಾವಣೆಯ ಕಥೆಯನ್ನೂ ಹೇಳಿದೆ. ನಮ್ಮ ಭಾಗದ ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಮುಂಡರಗಿ ಶಿಬಿರದ ಅದೇ ಶಿವಮೂರ್ತಿಸ್ವಾಮಿಗಳು ಗೆದ್ದರು. ಕಾಂಗ್ರೆಸ್ಸಿನಿಂದಲ್ಲ, ಪಕ್ಷೇತರರಾಗಿ. ನಿಜಾಮ ಇನ್ನೂ ರಾಜಪ್ರಮುಖನಾಗಿರುವಾಗಲೇ! ಆ ಚುನಾವಣೆಯಲ್ಲಿ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ. ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರಿಂದ.

ನಮ್ಮಜ್ಜಿಯದು ತಿರುಗಾಮುರುಗಾ ತೊಂದರೆ. ಪಟ್ಟಿ ಬರೆಯಲು ಬಂದ ಗುಮಾಸ್ತನಿಗೆ ತನ್ನ ಹೆಸರು ಹೇಳಿದಳು, ಗಂಡನ ಹೆಸರು ಹೇಗೆ ಹೇಳುವುದು? ಮದುವೆಯಲ್ಲಿ ಹೇಳುವ ಹಾಗೆ ಒಡಪು ಕಟ್ಟಿಯೇ ಹೇಳಿದಳಂತೆ. ಪಿಂಜಾರರ ಹೆಂಗಸು ಪಕ್ಕದಲ್ಲಿ ನಿಂತು ಬಿದ್ದುಬಿದ್ದು ನಕ್ಕು, ತನ್ನ ಸರದಿ ಬಂದಾಗ ತಾನೂ ಒಡಪು ಹಾಕಿದಳಂತೆ. ಇಬ್ಬರೂ ಒಂದೇ ಬಂಡಿಯಲ್ಲಿ ಹೋಗಿ ಓಟು ಹಾಕಿ ಬಂದರು. ಯಾರಿಗೆ ಹಾಕಿದಿ ಅಜ್ಜಿ ಎಂದು ನಾವು ಎಷ್ಟು ಪೀಡಿಸಿದರೂ, "ಅದನ್ನ ಯಾರಿಗೂ ಹೇಳಬಾರದು ಅಂದಾರವಾ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.