ದೀಪ ಆರಿತ್ತು, ವಾಲ್ವ್ ತೆರೆದೇ ಇತ್ತು: ಯಂತ್ರದೋಷದ ಕಾರಣನಿರ್ಣಯದಲ್ಲಿ ತಪ್ಪುಗ್ರಹಿಕೆ

ಕೈಗಾರಿಕಾ ಅಪಘಾತಗಳ ವರದಿಗಳಲ್ಲಿ ‘ಆಪರೇಟರನ ತಪ್ಪು’ ಎಂಬ ಷರಾ ಸಾಮಾನ್ಯ. ಯಂತ್ರದ ಮುಂದಿದ್ದವನು ಆ ತಪ್ಪು ತೀರ್ಮಾನಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದ ಅಪಘಾತವನ್ನು ಈ ಲೇಖನ ಅದೇ ಪ್ರಶ್ನೆಯಿಂದ ಪರಿಶೀಲಿಸುತ್ತದೆ. ತಪ್ಪುಗ್ರಹಿಕೆಗೆ ಅಲ್ಲಿ ದಾರಿ ಮಾಡಿಕೊಟ್ಟದ್ದು ತರಬೇತಿ, ಮಾಪಕ ಮತ್ತು ರೂಢಿ ಎಂಬುದು ಇಲ್ಲಿನ ವಾದ.

1979ರ ಮಾರ್ಚ್ 28ರ ನಸುಕಿನ 4 ಗಂಟೆಗೆ ಎರಡನೆಯ ಘಟಕದಲ್ಲಿ ಸ್ಟೀಮ್ ಜನರೇಟರ್‌ಗಳಿಗೆ ನೀರೊದಗಿಸುವ ಪಂಪುಗಳು ನಿಂತವು. ಒತ್ತಡ ಏರಿ, ರಿಯಾಕ್ಟರ್ ವ್ಯವಸ್ಥೆಯ ಒತ್ತಡವನ್ನು ಹದದಲ್ಲಿಡುವ ಟ್ಯಾಂಕಾದ ಪ್ರೆಶರೈಸರ್ ಮೇಲಿನ ರಿಲೀಫ್ ವಾಲ್ವ್ ತಾನಾಗಿ ತೆರೆಯಿತು. ಒತ್ತಡ ಇಳಿದಾಗ ಮುಚ್ಚಿಕೊಳ್ಳಬೇಕಿದ್ದ ಅದು ತೆರೆದೇ ಉಳಿಯಿತು. ರಿಯಾಕ್ಟರನ್ನು ತಂಪಾಗಿಡುವ ನೀರು ಆ ದಾರಿಯಲ್ಲಿ 2 ಗಂಟೆ 22 ನಿಮಿಷ ಹೊರಹೋಯಿತು. ಇಂಧನದ ಸುಮಾರು ಅರ್ಧ ಭಾಗ ಕರಗಿತು.

ಆಪರೇಟರುಗಳನ್ನು ದಾರಿ ತಪ್ಪಿಸಿದ ಮೊದಲ ಸಂಗತಿ ಫಲಕದ ದೀಪ. ಅದು ತೋರಿಸುತ್ತಿದ್ದದ್ದು ವಾಲ್ವಿನ ಸ್ಥಿತಿಯನ್ನಲ್ಲ, ಅದನ್ನು ತೆರೆಯುವ ವಿದ್ಯುತ್ಕಾಂತವಾದ ಸೊಲೆನಾಯ್ಡ್‌ಗೆ ವಿದ್ಯುತ್ ಹೋಗುತ್ತಿದೆಯೇ ಎಂಬುದನ್ನು. ಮುಚ್ಚುವ ಆದೇಶ ಹೋಗಿ ದೀಪ ಆರಿತು. ವಾಲ್ವ್ ಮುಚ್ಚಿತೆಂದೇ ಅವರು ತಿಳಿದರು. ಎರಡನೆಯದು ತರಬೇತಿ. ಪ್ರೆಶರೈಸರ್ ಪೂರ್ತಿ ನೀರು ತುಂಬಿಕೊಳ್ಳಲು ಬಿಡಬಾರದೆಂಬ ಪಾಠ ಅವರಲ್ಲಿ ಬೇರೂರಿತ್ತು. ಅಲ್ಲಿ ಮಟ್ಟ ಏರುತ್ತಿದ್ದುದರಿಂದ ವ್ಯವಸ್ಥೆಯಲ್ಲಿ ನೀರು ಹೆಚ್ಚಾಗಿದೆಯೆಂದು ಬಗೆದು, ತಾನಾಗಿ ಚಾಲೂ ಆಗಿದ್ದ ತುರ್ತು ಪಂಪುಗಳಲ್ಲಿ ಒಂದನ್ನು ನಿಲ್ಲಿಸಿದರು, ಇನ್ನೊಂದರ ಹರಿವು ತಗ್ಗಿಸಿದರು. ಒತ್ತಡ ಕುಸಿಯುತ್ತಿದ್ದಾಗ ಮಟ್ಟವೊಂದನ್ನೇ ನಂಬುವಂತಿರಲಿಲ್ಲ. ಆದರೆ ರಿಯಾಕ್ಟರಿನೊಳಗಿನ ನೀರಿನ ಮಟ್ಟವನ್ನು ನೇರವಾಗಿ ತೋರಿಸುವ ಮಾಪಕವೇ ಅಲ್ಲಿರಲಿಲ್ಲ. ನೂರಕ್ಕೂ ಹೆಚ್ಚು ಅಲಾರಂಗಳು ಒಟ್ಟಿಗೇ ಮೊಳಗುತ್ತಿದ್ದವು.

ಮೂರನೆಯದು, ಹೆಚ್ಚು ಗಮನಾರ್ಹವಾದದ್ದು, ರೂಢಿ. ವಾಲ್ವಿನಾಚೆಗಿನ ಪೈಪಿನ ಉಷ್ಣತೆ 200 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ವಾಲ್ವ್ ತೆರೆದಿದೆಯೆಂದು ತಿಳಿಯಬೇಕೆಂಬ ಸೂಚನೆ ಕೈಪಿಡಿಯಲ್ಲೇ ಇತ್ತು. ಅಂದು ಉಷ್ಣತೆ ಅದನ್ನು ಮೀರಿತ್ತು. ಆದರೆ ಮೊದಲಿನಿಂದಲೂ ಸಣ್ಣ ಸೋರಿಕೆಯಿದ್ದು ಆ ಪೈಪು ಯಾವಾಗಲೂ ಬಿಸಿಯಾಗಿರುತ್ತಿತ್ತು. ಹಳೆಯ ದೋಷ ಹೊಸ ದೋಷಕ್ಕೆ ಸಿದ್ಧ ವಿವರಣೆಯಾಗಿ ಒದಗಿತು.

ಕೊನೆಗೆ, ರಿಲೀಫ್ ವಾಲ್ವಿನ ದಾರಿಯನ್ನು ತಡೆಯಲೆಂದೇ ಇದ್ದ ಬ್ಲಾಕ್ ವಾಲ್ವ್ ಮುಚ್ಚಿದ್ದು ಮುಂದಿನ ಪಾಳಿಯ ಮೇಲ್ವಿಚಾರಕರ ಸೂಚನೆಯಂತೆ ಎಂದು ಆಪರೇಟರರೊಬ್ಬರು ಸಾಕ್ಷ್ಯ ನುಡಿದರು. ಬೇರೇನೂ ತೋಚದೆ ಮುಚ್ಚಿದೆವೆಂದೂ ಅವರೇ ಹೇಳಿದ್ದಾರೆ. ಹಾಗಾಗಿ ಹೊಸ ಕಣ್ಣು ಸತ್ಯ ಕಂಡಿತೆಂದು ಇದರಿಂದ ಸಾಧಿಸಲಾಗದು.

ತಪ್ಪನ್ನು ಒಂದು ಪಾಳಿಯ ತಲೆಗೆ ಕಟ್ಟಲೂ ಆಗದು. 1977ರ ಸೆಪ್ಟೆಂಬರ್ 24ರಂದು ಒಹಾಯೊದ ಡೇವಿಸ್-ಬೆಸ್ ಸ್ಥಾವರದಲ್ಲಿ ಇಂಥದೇ ವಾಲ್ವ್ ತೆರೆದು ನಿಂತಿತ್ತು. ಅಲ್ಲಿಯೂ ಮಟ್ಟ ನೋಡಿ ಪಂಪಿನ ಹರಿವು ತಗ್ಗಿಸಿದ್ದರು. ರಿಯಾಕ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರರೇ ಎಚ್ಚರಿಸಿದ್ದರೂ ಆ ಪಾಠ ತ್ರೀ ಮೈಲ್ ಐಲೆಂಡಿನ ಆಪರೇಟರುಗಳಿಗೆ ತಲುಪಲಿಲ್ಲ. ಅಧ್ಯಕ್ಷ ಕಾರ್ಟರ್ ನೇಮಿಸಿದ ಜಾನ್ ಕೆಮೆನಿ ಆಯೋಗವೂ ತರಬೇತಿ, ಕಾರ್ಯವಿಧಾನ ಮತ್ತು ನಿಯಂತ್ರಣ ಕೊಠಡಿಯ ವಿನ್ಯಾಸದ ಕೊರತೆಗಳನ್ನು ಎತ್ತಿ ತೋರಿಸಿತು.

ಆದ್ದರಿಂದ ಸುಧಾರಣೆ ಕಾರ್ಮಿಕನಿಗೆ ಎಚ್ಚರಿಕೆ ಹೇಳುವುದರಲ್ಲಿ ಮುಗಿಯದು. ಮಾಪಕ ಆದೇಶವನ್ನಲ್ಲ, ಸ್ಥಿತಿಯನ್ನು ತೋರಿಸಬೇಕು. ಲಾಗ್ ಪುಸ್ತಕದಲ್ಲಿ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯಬೇಕು. ಎಲ್ಲಕ್ಕಿಂತ ಮೊದಲು, ‘ಅದು ಯಾವಾಗಲೂ ಹಾಗೇ’ ಎಂದು ಬಿಟ್ಟ ಸಣ್ಣ ಸೋರಿಕೆಯನ್ನು ದುರಸ್ತಿ ಮಾಡಬೇಕು.