ಅರಿತಾ ಪಿಂಗಾಣಿ

ಜಪಾನಿನ ಕ್ಯುಶು ದ್ವೀಪದ ಅರಿತಾ ಪಟ್ಟಣದಲ್ಲಿ 17ನೆಯ ಶತಮಾನದ ಆರಂಭದಿಂದ ತಯಾರಾಗುತ್ತಿರುವ ಚಿತ್ರಿತ ಪಿಂಗಾಣಿ. ಹತ್ತಿರದ ಇಮಾರಿ ಬಂದರಿನಿಂದ ಹಡಗೇರುತ್ತಿದ್ದುದರಿಂದ ಹೊರದೇಶಗಳಲ್ಲಿ ಇದಕ್ಕೆ ಇಮಾರಿ ಎಂಬ ಹೆಸರೇ ನಿಂತಿತು.

ಈ ನಾಜೂಕು ಕಸುಬಿನ ಹುಟ್ಟಿನ ಹಿಂದೆ ಯುದ್ಧವಿದೆ. 1592ರಿಂದ 1598ರವರೆಗೆ ಜಪಾನಿನ ಅಧಿಪತಿ ಟೊಯೊಟೊಮಿ ಹಿಡೆಯೋಶಿ ಕೊರಿಯಾದ ಮೇಲೆ ದಂಡೆತ್ತಿದಾಗ ಅವನ ಸಾಮಂತರು ಅಲ್ಲಿನ ಕುಂಬಾರರನ್ನು ಹಿಡಿದು ತಂದರು. ಅವರಲ್ಲೊಬ್ಬನಾದ ಯಿ ಸಾಮ್‌ಪ್ಯೋಂಗ್ 1616ರಲ್ಲಿ ಇಜುಮಿಯಾಮಾ ಗುಡ್ಡದಲ್ಲಿ ಪಿಂಗಾಣಿಗೆ ಒದಗುವ ಬಿಳಿಗಲ್ಲನ್ನು ಪತ್ತೆಹಚ್ಚಿದನೆಂದು ಊರಿನ ಐತಿಹ್ಯ. ಒಬ್ಬನಿಂದಲೇ ಎಲ್ಲ ಆಯಿತೆನ್ನುವುದು ಕಷ್ಟ. ಕೊರಿಯನ್ನರ ಋಣವಂತೂ ನಿರ್ವಿವಾದ.

ಮೊದಮೊದಲು ಬಿಳಿಯ ಮೇಲೆ ಕೋಬಾಲ್ಟ್ ನೀಲಿಯೊಂದೇ ಬಣ್ಣ. 1640ರ ದಶಕದಲ್ಲಿ ಬಹುವರ್ಣದ ಚಿತ್ರಣ ಬಂತು. ಇದರ ಕೀರ್ತಿ ಅರಿತಾದ ಕುಂಬಾರ ಸಕೈದಾ ಕಾಕಿಎಮೊನ್‌ಗೆ ಸಲ್ಲುತ್ತದೆ. ಮೆರುಗು ಹಚ್ಚಿದ ಪಾತ್ರೆಯನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಆರಿದ ಮೇಲೆ ಕೆಂಪು, ಹಸಿರು, ಹಳದಿ ಬಣ್ಣಗಳಲ್ಲಿ ಚಿತ್ರ ಬರೆದು, ಸುಮಾರು 800 ಡಿಗ್ರಿಯಲ್ಲಿ ಮತ್ತೆ ಆವಿಗೆಗೆ ಇಡುತ್ತಾರೆ. ಕಾಕಿಎಮೊನ್ ಮನೆತನದ ಹೆಗ್ಗುರುತು ನಿಗೊಶಿದೆ ಎಂಬ ಹಾಲುಬಿಳುಪಿನ ಮೈ. ಅದರ ಮೇಲೆ ಒಂದು ಬದಿಗೆ ಹೂವಿನ ಕೊಂಬೆ, ಎರಡು ಹಕ್ಕಿ, ಅಷ್ಟೇ, ಉಳಿದದ್ದು ಖಾಲಿ. ಆ ಖಾಲಿ ಜಾಗವೇ ಈ ಶೈಲಿಯ ಸೊಗಸು.

1644ರಲ್ಲಿ ಮಿಂಗ್ ರಾಜವಂಶ ಉರುಳಿ ಚೀನಾದ ಪಿಂಗಾಣಿ ಪೂರೈಕೆ ಕುಸಿದಾಗ ಡಚ್ಚರು ಅರಿತಾದತ್ತ ತಿರುಗಿದರು. 1659ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ 50 ಸಾವಿರಕ್ಕೂ ಹೆಚ್ಚು ಪಾತ್ರೆಗಳಿಗೆ ಬೇಡಿಕೆಯಿಟ್ಟಿತು. 1710ರಲ್ಲಿ ಸ್ಥಾಪನೆಯಾದ ಜರ್ಮನಿಯ ಮೈಸೆನ್ ಕಾರ್ಖಾನೆ ಕಾಕಿಎಮೊನ್ ವಿನ್ಯಾಸಗಳನ್ನು ಯಥಾವತ್ತಾಗಿ ನಕಲು ಮಾಡಿತು.

ಅರಿತಾ ಪ್ರದೇಶವನ್ನು ಆಳುತ್ತಿದ್ದ ನಬೆಶಿಮಾ ಸಾಮಂತರು ಒಕಾವಾಚಿಯಲ್ಲಿ ಬೇರೆಯೇ ಆವಿಗೆ ನಡೆಸಿದರು. ಅಲ್ಲಿನ ತಟ್ಟೆಗಳು ಮಾರಾಟಕ್ಕಲ್ಲ, ಜಪಾನಿನ ಸೇನಾಡಳಿತಗಾರ ಷೋಗನ್‌ಗೂ ಗಣ್ಯರಿಗೂ ಕಾಣಿಕೆ ಕೊಡಲು. ತಟ್ಟೆಯನ್ನು ಬೋರಲು ಹಾಕಿದರೆ ಬುಡದ ಬಳೆಯ ಸುತ್ತ ಬಾಚಣಿಗೆಯ ಹಲ್ಲಿನಂಥ ನೀಲಿ ಗೆರೆಗಳು ಕಾಣುತ್ತವೆ. ಅದೇ ನಬೆಶಿಮಾ ಗುರುತು.

ಕೀರ್ತಿ ಮನೆತನದ ಯಜಮಾನನಿಗೆ ಸಂದರೂ ಕೆಲಸ ಹಲವರದು. ಮಣ್ಣು ತಿರುಗಿಸುವವರು ಒಬ್ಬರು, ಗೆರೆ ಎಳೆಯುವವರು ಇನ್ನೊಬ್ಬರು. ಗೆರೆಗಳ ನಡುವೆ ಬಣ್ಣ ತುಂಬುವ 'ದಾಮಿ' ಕೆಲಸ ಬಹುಮಟ್ಟಿಗೆ ಹೆಂಗಸರದು. ಇವರ ಹೆಸರು ಪಾತ್ರೆಯ ಮೇಲಿಲ್ಲ. ಅರಿತಾದ ಚರಿತ್ರೆ ಬರೆದವರೂ ಇವರಿಗೆ ನ್ಯಾಯ ಸಲ್ಲಿಸಿದ್ದು ಕಡಿಮೆ.

18ನೆಯ ಶತಮಾನದಲ್ಲಿ ನಿಂತುಹೋಗಿದ್ದ ನಿಗೊಶಿದೆಯನ್ನು, ಮನೆತನದ ಹೆಸರನ್ನೇ ಹೊತ್ತ ಯಜಮಾನರಾದ 12 ಮತ್ತು 13ನೆಯ ಕಾಕಿಎಮೊನ್‌ರು 1953ರಲ್ಲಿ ಮರಳಿ ಸಾಧಿಸಿದರು. 2014ರಲ್ಲಿ 15ನೆಯ ಕಾಕಿಎಮೊನ್ ಈ ಹೆಸರಿನ ಉತ್ತರಾಧಿಕಾರಿಯಾದರು.